ಮದ್ಯಪಾನದ ಅಪಾಯ ಕುರಿತ ಅಧ್ಯಯನಗಳು: ಸಾರ್ವಜನಿಕರ ಸಂದೇಹಗಳು ಹಾಗೂ ವಾಸ್ತವಾಂಶಗಳು

ಪೀಠಿಕೆ

ಸ್ವಲ್ಪ ಮದ್ಯ ಹೃದಯಕ್ಕೆ ಹಿತವೆಂದು ಹಿಂದೆ ಪ್ರಚಾರವಾಗಿತ್ತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಯಾವ ಪ್ರಮಾಣದ ಮದ್ಯಪಾನವೂ ಸುರಕ್ಷಿತವಲ್ಲವೆಂದು ತಿಳಿಸಿತು. ಈ ವ್ಯತ್ಯಾಸದಿಂದ ಸಾರ್ವಜನಿಕರಲ್ಲಿ ಸಂದೇಹ ಮೂಡುವುದು ಸಹಜ. ಹಿನಕಲ್ ಹಾಗೂ ಸುತ್ತಮುತ್ತಲಿನ ಬಡಾವಣೆಗಳ ನಾಗರಿಕರ ತಿಳಿವಳಿಕೆಗಾಗಿ ಅಗತ್ಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಸಂದೇಹಕ್ಕೆ ಕಾರಣಗಳು

1. ಹಿಂದಿನ ಹಲವು ಅಧ್ಯಯನಗಳಲ್ಲಿ, ಕಾಯಿಲೆಯ ಕಾರಣದಿಂದ ಕುಡಿತ ಬಿಟ್ಟವರನ್ನೂ 'ಕುಡಿಯದವರು' ಎಂದೇ ಪರಿಗಣಿಸಲಾಗಿತ್ತು. ಇದರಿಂದ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರಾಗಿ ಕಂಡುಬಂದರು.

2. ಅಮೆರಿಕದಲ್ಲಿ ಮಿತ ಮದ್ಯಪಾನ ಕುರಿತು ಕೈಗೊಂಡಿದ್ದ ದೊಡ್ಡ ಪ್ರಯೋಗಕ್ಕೆ ಮದ್ಯ ತಯಾರಿಕಾ ಕಂಪನಿಗಳ ಹಣ ಬಳಕೆಯಾಗಿದ್ದು ಬೆಳಕಿಗೆ ಬಂದು, 2018ರಲ್ಲಿ ಅದನ್ನು ರದ್ದುಪಡಿಸಲಾಯಿತು.

ವಿವಾದವಿಲ್ಲದ ಅಂಶಗಳು

ತಜ್ಞರ ಭಿನ್ನಾಭಿಪ್ರಾಯವು ಮುಖ್ಯವಾಗಿ ಅತ್ಯಲ್ಪ ಪ್ರಮಾಣಕ್ಕೆ ಸಂಬಂಧಿಸಿದ್ದು. ಅಧಿಕ ಸೇವನೆಯಿಂದ ಯಕೃತ್ತಿಗೆ ಹಾನಿ, ರಕ್ತದೊತ್ತಡ, ಅಪಘಾತ ಹಾಗೂ ವ್ಯಸನ ಉಂಟಾಗುವುದರಲ್ಲಿ ವಿವಾದವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು ಮತ್ತು ಸ್ತನದ ಕ್ಯಾನ್ಸರ್‌ಗಳಿಗೆ ಮದ್ಯವು ಕಾರಣವಾಗಬಲ್ಲದು.

ಪ್ರಮಾಣದ ಲೆಕ್ಕ

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಲಾಗಿದೆ. ಈಗ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅದರಂತೆ 90 ಮಿ.ಲೀ. ಪೊಟ್ಟಣದಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಧ್ಯಯನಗಳಲ್ಲಿ 'ಮಿತ' ಎನ್ನುವುದು ಸಾಮಾನ್ಯವಾಗಿ ದಿನಕ್ಕೆ 10ರಿಂದ 28 ಗ್ರಾಂ ಮಾತ್ರ. ಆದ್ದರಿಂದ ಮಿತ ಮದ್ಯಪಾನದ ಚರ್ಚೆಯನ್ನು ದಿನನಿತ್ಯದ ಕ್ವಾರ್ಟರ್‌ಗೆ ಸಮರ್ಥನೆಯಾಗಿ ಬಳಸಲಾಗದು.

ಮುಖ್ಯ ಎಚ್ಚರಿಕೆ

ಬಹುಕಾಲದಿಂದ ಪ್ರತಿದಿನ ಹೆಚ್ಚಾಗಿ ಕುಡಿಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಕೈನಡುಕ, ಅಪಸ್ಮಾರ, ಭ್ರಾಂತಿ ಉಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಅಪಸ್ಮಾರ ಅಥವಾ ಭ್ರಾಂತಿ ಕಂಡುಬಂದಲ್ಲಿ ಕುಟುಂಬದವರು ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ನೆರವು ಪಡೆಯುವ ವಿಧಾನ

- ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು.
- ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ವ್ಯಸನಮುಕ್ತಿ ಸಹಾಯವಾಣಿ: 14446.
- ಹಿಂದಿನ ಚಿಕಿತ್ಸೆಯ ದಾಖಲೆಗಳಿದ್ದಲ್ಲಿ ಜೊತೆಯಲ್ಲಿ ತರುವುದು. ಸೇವಿಸುವ ಪ್ರಮಾಣವನ್ನು ಮುಚ್ಚಿಡದೆ ತಿಳಿಸುವುದು.
- ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಮದ್ಯವ್ಯಸನದ ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡುವುದು ರೋಗಿಯ ಹಕ್ಕಾಗಿದೆ.

ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.