ಯುದ್ಧದಲ್ಲಿ ಗೆದ್ದ ನೆಲದ ಕಾನೂನು ಸ್ಥಾನಮಾನ: ಚಿತ್ರದುರ್ಗ ಸೀಮೆಯ ನಿದರ್ಶನ

ಯುದ್ಧದಲ್ಲಿ ವಶವಾದ ನೆಲದ ಮೇಲೆ ಗೆದ್ದವರಿಗೆ ಎಂಥ ಹಕ್ಕು ಸಲ್ಲುತ್ತದೆ ಎಂಬುದರ ಬಗ್ಗೆ ಕಾನೂನಿನ ನಿಲುವು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದವರೆಗೂ ಗೆಲುವು ಒಡೆತನಕ್ಕೆ ದಾರಿಯಾಗಿತ್ತು. ಇಂದಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಂಥ ನೆಲ ಆಕ್ರಮಿತ ಪ್ರದೇಶ ಮಾತ್ರ. ಅಲ್ಲಿ ಸೇನೆಯದು ತಾತ್ಕಾಲಿಕ ಆಡಳಿತವೇ ಹೊರತು ಸಾರ್ವಭೌಮತ್ವವಲ್ಲ. ಹಳೆಯ ಪದ್ಧತಿಯ ಹಲವು ಘಟ್ಟಗಳನ್ನು ಚಿತ್ರದುರ್ಗ ಸೀಮೆಯ ಇತಿಹಾಸದಲ್ಲಿ ಗುರುತಿಸಬಹುದು.

ಅರಸರ ಕಾಲ

ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತಣ ನಾಡು ನೊಳಂಬ ಅರಸರ ನೊಳಂಬವಾಡಿ 32000 ಎಂಬ ಪ್ರಾಂತ್ಯಕ್ಕೆ ಸೇರಿತ್ತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈಗ ಆಂಧ್ರಪ್ರದೇಶದಲ್ಲಿದೆ. ಹತ್ತನೆಯ ಶತಮಾನದಲ್ಲಿ ಗಂಗ ಮಾರಸಿಂಹ ‘ನೊಳಂಬಕುಲಾಂತಕ’ನೆನಿಸಿಕೊಂಡ, ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ತನ್ನ ಬಿರುದಾವಳಿಯಲ್ಲಿ ನೊಳಂಬವಾಡಿಯನ್ನೂ ಸೇರಿಸಿಕೊಂಡ. ಶಾಸನದಲ್ಲಿ ಸಾರಿದ ಗೆಲುವೇ ಆಗ ಹಕ್ಕಿನ ಘೋಷಣೆ. 1779ರಲ್ಲಿ ಮೈಸೂರಿನ ಹೈದರ್ ಅಲಿ ಚಿತ್ರದುರ್ಗದ ಕೋಟೆಯನ್ನು ಹಿಡಿದು ಅಲ್ಲಿನ ಪಾಳೆಯಗಾರ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದಾಗ ನಾಯಕರ ಆಳ್ವಿಕೆ ಕೊನೆಗೊಂಡಿತು.

1799ರ ಹಂಚಿಕೆ

1799ರ ಮೇ 4ರಂದು ಹೈದರನ ಮಗ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ, ವಿಜಯದ ಹಕ್ಕಿನಿಂದ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೂ ಹೈದರಾಬಾದಿನ ನಿಜಾಮನಿಗೂ ಸೇರಿದೆ ಎಂದು ವಾದಿಸಿದ. ಗೆಲುವನ್ನು ಪತ್ರದ ಮೂಲಕ ಸ್ಥಿರಪಡಿಸುವ ಕೆಲಸ ಆ ವರ್ಷದ ಜೂನ್ 22ರ ವಿಭಜನಾ ಒಪ್ಪಂದದಲ್ಲಿ ನಡೆಯಿತು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದ ಉಳಿದ ರಾಜ್ಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಹಿಸಿ, ಅವರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂದು ಗೊತ್ತುಪಡಿಸಿತು. ಅಗತ್ಯ ಕಂಡರೆ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರವೂ ಕಂಪನಿಗಿತ್ತು. ನಗರ ಸೀಮೆಯ ದಂಗೆಯ ಬಳಿಕ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಈ ಅಧಿಕಾರವನ್ನೇ ಚಲಾಯಿಸಿದ; ರಾಜ್ಯ ಮರಳಿ ಒಡೆಯರ ಕೈಸೇರಿದ್ದು 1881ರಲ್ಲಿ.

ವಿಭಜನಾ ಒಪ್ಪಂದದಲ್ಲಿ ಮರಾಠರ ಪೇಶ್ವೆಗೆಂದು ತೆಗೆದಿರಿಸಿದ ಪಾಲಿನಲ್ಲಿ ಹರಪನಹಳ್ಳಿ, ಆನೆಗೊಂದಿಗಳ ಜೊತೆಗೆ ಚಿತ್ರದುರ್ಗ ಸೀಮೆಯ ಒಂದು ಭಾಗವೂ ಇತ್ತು. ಷರತ್ತುಗಳಿಗೆ ಪೇಶ್ವೆ ಒಪ್ಪದ್ದರಿಂದ ಅದನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡರು. 1803ರ ಪೂರಕ ಒಪ್ಪಂದದಂತೆ ಹೊಳಲ್ಕೆರೆ, ಮಾಯಕೊಂಡ ಮತ್ತು ಹರಿಹರ ಮೈಸೂರಿಗೆ ಬಂದವು. ಬದಲಿಗೆ ವಯನಾಡು ಮೊದಲಾದ ಪ್ರದೇಶಗಳು ಕಂಪನಿಗೆ ಹೋದವು. ಈ ಯಾವ ವಿನಿಮಯದಲ್ಲೂ ಊರಿನವರ ಒಪ್ಪಿಗೆ ಕೇಳುವ ನಿಯಮವಿರಲಿಲ್ಲ.

ಹೊಸ ಕಾನೂನು

1907ರ ಹೇಗ್ ನಿಯಮಗಳು ಆಕ್ರಮಣಕ್ಕೂ ಒಡೆತನಕ್ಕೂ ಗೆರೆ ಎಳೆದವು: ಆಕ್ರಮಿಸಿದ ಸೇನೆ ಸಾರ್ವಜನಿಕ ವ್ಯವಸ್ಥೆಯನ್ನು ಕಾಪಾಡಬೇಕು, ತೀರಾ ಅಸಾಧ್ಯವಾದ ಹೊರತು ಅಲ್ಲಿನ ಕಾನೂನುಗಳನ್ನು ಗೌರವಿಸಬೇಕು. 1928ರ ಕೆಲ್ಲಾಗ್–ಬ್ರಿಯಾಂ ಒಪ್ಪಂದ ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದನ್ನು ಖಂಡಿಸಿತು. 1945ರ ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗವನ್ನೇ ನಿಷೇಧಿಸಿತು. 1949ರ ನಾಲ್ಕನೆಯ ಜಿನೀವಾ ಒಡಂಬಡಿಕೆಯ ಪ್ರಕಾರ, ನೆಲವನ್ನು ವಿಲೀನಗೊಳಿಸಿಕೊಂಡೆವೆಂದು ಸಾರಿದರೂ ಜನರಿಗಿರುವ ರಕ್ಷಣೆ ತಪ್ಪುವುದಿಲ್ಲ. ಸನ್ನದಿಗೆ ವಿರುದ್ಧವಾಗಿ ಬಲವಂತದಿಂದ ಮಾಡಿಸಿಕೊಂಡ ಒಪ್ಪಂದ ಅಸಿಂಧು ಎಂದು 1969ರ ವಿಯೆನ್ನಾ ಒಡಂಬಡಿಕೆ ಹೇಳುತ್ತದೆ. 1799ರ ಬಗೆಯ ಹಂಚಿಕೆಪತ್ರಕ್ಕೆ ಇಂದು ಬೆಲೆಯಿಲ್ಲದಿರುವುದು ಇದರಿಂದಲೇ.

ಗೋವಾ ತೀರ್ಪು

ಭಾರತದ ನ್ಯಾಯಾಲಯಗಳಲ್ಲಿ ಈ ಪ್ರಶ್ನೆ ಎದ್ದದ್ದು 1961ರ ಡಿಸೆಂಬರ್‌ನಲ್ಲಿ ಭಾರತ ಪೋರ್ಚುಗೀಸರಿಂದ ಗೋವಾವನ್ನು ವಶಪಡಿಸಿಕೊಂಡ ಕಾರ್ಯಾಚರಣೆಯಿಂದ. ಪೋರ್ಚುಗೀಸ್ ಪೌರತ್ವವನ್ನು ಉಳಿಸಿಕೊಂಡ ಪಾದ್ರಿಯೊಬ್ಬರು, ಗೋವಾ ಆಕ್ರಮಿತ ಪ್ರದೇಶ, ತಮಗೆ ಜಿನೀವಾ ಒಡಂಬಡಿಕೆಯ ರಕ್ಷಣೆಯಿದೆ ಎಂದರು. ವಿಲೀನದೊಂದಿಗೆ ಆಕ್ರಮಣದ ಸ್ಥಿತಿ ಮುಗಿದಿದೆ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಯುದ್ಧ ನಡೆಯುತ್ತಿರುವಾಗಲೇ ಸಾರುವ ಅಕಾಲಿಕ ವಿಲೀನಕ್ಕೂ ಪೂರ್ಣಗೊಂಡ ವಿಲೀನಕ್ಕೂ ಇರುವ ವ್ಯತ್ಯಾಸವೇ ತೀರ್ಪಿಗೆ ಆಧಾರವಾಯಿತು. ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ 1974ರ ಒಪ್ಪಂದದಲ್ಲಿ ಒಪ್ಪಿಕೊಂಡಿತು.

ಹಳೆಯ ಗಡಿಗಳು

ಒಂದು ಕಾಲದ ಕೃತ್ಯವನ್ನು ಆ ಕಾಲದ ಕಾನೂನಿನಿಂದಲೇ ಅಳೆಯಬೇಕೆಂಬ ತತ್ತ್ವವನ್ನು 1928ರ ಪಾಲ್ಮಾಸ್ ದ್ವೀಪದ ಪಂಚಾಯ್ತಿ ತೀರ್ಪಿನಲ್ಲಿ ಮ್ಯಾಕ್ಸ್ ಹ್ಯೂಬರ್ ನಿರೂಪಿಸಿದರು. ಅದರಂತೆ ಹೈದರನ ಗೆಲುವಾಗಲಿ ಕಂಪನಿಯ ಹಂಚಿಕೆಯಾಗಲಿ ಇಂದಿನ ನಿಯಮದಿಂದ ರದ್ದಾಗುವುದಿಲ್ಲ. 1800ರಲ್ಲಿ ನಿಜಾಮ ತನ್ನ ಪಾಲನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಹೇಮಾವತಿ ಇರುವ ಮಡಕಶಿರಾ ಸೀಮೆ ಮದ್ರಾಸ್ ಕಡೆಗೆ ಸೇರಿತು, ಧರ್ಮಪುರ ಮೈಸೂರಿನಲ್ಲಿ ಉಳಿಯಿತು. ಆ ಗೆರೆ ಈಗ ಎರಡು ರಾಜ್ಯಗಳ ನಡುವಿನ ಗಡಿಯಾಗಿದೆ. ಆದರೆ ಅದರ ಬಲ ಒಪ್ಪಂದದಲ್ಲಿಲ್ಲ. ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತು ಕಾನೂನಿನ ಮೂಲಕ ಅದನ್ನು ಬದಲಿಸಬಲ್ಲದು.