ಎಷ್ಟು ವಾಸಿ?

ಕಾಯಿಲೆ ಬಿದ್ದು ಎದ್ದವರನ್ನು ವಿಚಾರಿಸಿಕೊಳ್ಳಲು ಕನ್ನಡದಲ್ಲಿ ಸೀಮೆಗೊಂದು ಮಾತಿದೆ. ಧಾರವಾಡದ ಕಡೆಯವರು ‘ಆರಾಮ ಆತೇನ್ರಿ?’ ಎಂದು ಕೇಳುತ್ತಾರೆ, ಮೈಸೂರು ಸೀಮೆಯವರು ‘ಹುಷಾರಾದ್ರಾ?’ ಎನ್ನುತ್ತಾರೆ. ಎರಡು ಪದಗಳೂ ಪಾರಸಿಯಿಂದ ಬಂದು ನಮ್ಮವೇ ಆಗಿಹೋದವು. ಹುಷಾರು ಎಂದರೆ ಹಿಂದಿ, ಮರಾಠಿಗಳಲ್ಲಿ ಜಾಣತನ, ತಮಿಳಿನಲ್ಲಿ ಎಚ್ಚರ, ತೆಲುಗಿನಲ್ಲಿ ಹುರುಪು. ಕನ್ನಡ ಅದಕ್ಕೆ ಮೈಯ ಆರೋಗ್ಯವನ್ನೂ ವಹಿಸಿಕೊಟ್ಟಿತು. ಆದರೆ ಈ ಪ್ರಶ್ನೆಗಳಿಗೆ ಇರುವ ಉತ್ತರ ಎರಡೇ: ಆಯಿತು, ಇಲ್ಲ. ‘ವಾಸಿ’ ಹಾಗಲ್ಲ. ಜ್ವರ ವಾಸಿಯಾಯಿತು ಎಂದರೆ ಬಿಟ್ಟುಹೋಯಿತು. ನಿನ್ನೆಗಿಂತ ಇವತ್ತು ವಾಸಿ ಎಂದರೆ ಇನ್ನೂ ಬಿಟ್ಟಿಲ್ಲ, ಆದರೆ ಇಳಿಯುತ್ತಿದೆ. ಮುಕ್ಕಾಲುವಾಸಿ ಕೆಲಸ ಮುಗಿಯಿತು ಎಂದರೆ ನಾಲ್ಕರಲ್ಲಿ ಮೂರು ಪಾಲು ಆಗಿದೆ, ಒಂದು ಪಾಲು ಉಳಿದಿದೆ. ನಿವಾಸಿ, ಅನಿವಾಸಿಗಳಲ್ಲಿರುವ ಸಂಸ್ಕೃತದ ವಾಸಿಗೂ ಇದಕ್ಕೂ ನಂಟಿಲ್ಲ. ತಮಿಳಿನಲ್ಲೂ ಮುಕ್ಕಾಲ್‌ವಾಸಿ ಇರುವುದನ್ನು ನೋಡಿದರೆ ಇದು ಅಕ್ಕಪಕ್ಕದ ಮನೆಗಳು ಹಂಚಿಕೊಂಡು ಬಳಸಿದ ಪದ. ಗುಣವಾಗುವುದು, ಹೋಲಿಸುವುದು, ಪಾಲು ಹಾಕುವುದು, ಈ ಮೂರನ್ನೂ ಒಂದೇ ಪದ ಹೊತ್ತಿದೆ. ಕಾಯಿಲೆ ಪಾಲುಪಾಲಾಗಿ ಬಿಡುತ್ತದೆ ಎಂಬ ತಿಳಿವಳಿಕೆ ಭಾಷೆಗೆ ಮೊದಲೇ ಇತ್ತು ಎನ್ನಬೇಕು. ಆ ತಿಳಿವಳಿಕೆಯನ್ನು ನಾವು ಮನೆಯೊಳಗೆ, ಅದರಲ್ಲೂ ಕಾಯಿಲೆಯ ನಂತರ ಕೆಲಸಕ್ಕೆ ಮರಳುವ ತಾಯಿಯ ಅಥವಾ ತಂದೆಯ ವಿಷಯದಲ್ಲಿ ಬಳಸುತ್ತಿಲ್ಲ ಎಂಬುದು ನನ್ನ ವಾದ. ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಕಚೇರಿಗೆ ಪಾಲಿನ ಲೆಕ್ಕ ಗೊತ್ತು, ಮನೆಗೆ ಗೊತ್ತಿಲ್ಲ.

ಜರ್ಮನರು ಕಾಯಿಲೆಯವರಿಗೆ ಹೇಳುವ ‘ಗೂಟೆ ಬೆಸ್ಸೆರುಂಗ್’ ಎಂಬ ಹಾರೈಕೆಯಲ್ಲೂ ಇರುವುದು ‘ಹೆಚ್ಚು ಒಳ್ಳೆಯದು’ ಎಂಬ ಹೋಲಿಕೆಯ ಪದವೇ, ನಮ್ಮ ವಾಸಿಯ ಹಾಗೆ. ಅವರ ಕಾನೂನು ಈ ಹಾರೈಕೆಯನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿದೆ. ದೀರ್ಘ ಕಾಯಿಲೆಯಿಂದ ಎದ್ದವರು ಮೆಟ್ಟಿಲು ಮೆಟ್ಟಿಲಾಗಿ ಕೆಲಸಕ್ಕೆ ಮರಳುವ ವ್ಯವಸ್ಥೆಗೆ ‘ವೀಡರ್‌ಐನ್‌ಗ್ಲೀಡೆರುಂಗ್’ ಎಂದು ಹೆಸರು. ಜನರ ಬಾಯಲ್ಲಿ ಅದು ಹ್ಯಾಂಬರ್ಗ್ ಮಾದರಿ. ಆ ಉದ್ದನೆಯ ಪದದ ನಡುವೆ ಇರುವ ‘ಗ್ಲೀಡ್’ ಎಂದರೆ ಅಂಗ. ಮತ್ತೆ ಅಂಗವಾಗಿ ಸೇರಿಸಿಕೊಳ್ಳುವುದು ಎಂದು ಅದರ ಭಾವ. ವೈದ್ಯರು ರೋಗಿಯೊಂದಿಗೆ ಕೂತು ಮೆಟ್ಟಿಲ ಪಟ್ಟಿಯೊಂದನ್ನು ಬರೆಯುತ್ತಾರೆ: ಮೊದಲ ಕೆಲವು ವಾರ ದಿನಕ್ಕೆ 2 ಗಂಟೆ, ಆಮೇಲೆ 4, ಆಮೇಲೆ 6, ಕೊನೆಗೆ ಪೂರ್ತಿ ದಿನ. ಇದು ಕೆಲವೇ ವಾರಗಳಲ್ಲಿ ಮುಗಿಯಬಹುದು, 6 ತಿಂಗಳವರೆಗೂ ಹೋಗಬಹುದು. ರೋಗಿಯೂ ಕೆಲಸ ಕೊಟ್ಟವರೂ ಒಪ್ಪಿದರೆ ಮಾತ್ರ ನಡೆಯುತ್ತದೆ. ಆಗದಿದ್ದರೆ ನಡುವೆ ನಿಲ್ಲಿಸಬಹುದು, ಅದಕ್ಕೆ ದಂಡವಿಲ್ಲ. ಈ ಅವಧಿಯುದ್ದಕ್ಕೂ ವ್ಯಕ್ತಿ ಕಾಗದದ ಮೇಲೆ ಇನ್ನೂ ರೋಗಿಯೇ. ಸಂಬಳ ಬರುವುದಿಲ್ಲ, ವಿಮಾ ಸಂಸ್ಥೆಯ ಕಾಯಿಲೆ ಭತ್ಯೆ ಬರುತ್ತದೆ. ಇದರ ಜೊತೆಗೆ, 12 ತಿಂಗಳಲ್ಲಿ ಒಟ್ಟು 6 ವಾರಕ್ಕಿಂತ ಹೆಚ್ಚು ಕಾಯಿಲೆ ರಜೆ ಆದವರನ್ನು ಕರೆದು, ಮರಳುವ ದಾರಿಯ ಬಗ್ಗೆ ಮಾತಾಡೋಣ ಎಂದು ಕೇಳುವ ಹೊಣೆಯನ್ನು 2004ರಿಂದ ಕಾನೂನೇ ಮಾಲೀಕರ ಮೇಲೆ ಹೊರಿಸಿದೆ. 2021ರಿಂದ ಆ ಮಾತುಕತೆಗೆ ನೌಕರರು ತಮಗೆ ನಂಬಿಕೆಯಿರುವ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು.

ಇದು ಯಾರದೋ ಔದಾರ್ಯದಿಂದ ಬಂದದ್ದಲ್ಲ. 1956ರ ಅಕ್ಟೋಬರಿನಲ್ಲಿ ಉತ್ತರದ ಷ್ಲೆಸ್ವಿಗ್-ಹೋಲ್‌ಷ್ಟೈನ್‌ನ ಲೋಹ ಕಾರ್ಮಿಕರು ಕಾಯಿಲೆಯ ದಿನಗಳಿಗೂ ಕೂಲಿ ಬೇಕೆಂದು ಮುಷ್ಕರ ಹೂಡಿ, ಚಳಿಗಾಲವಿಡೀ, 16 ವಾರ ಕೆಲಸ ಬಿಟ್ಟು ಕೂತರು. ಕಾಯಿಲೆ ಬಿದ್ದ ಕೂಲಿಕಾರರಿಗೂ ಕಚೇರಿ ನೌಕರರ ಹಾಗೆ 6 ವಾರ ಪೂರ್ತಿ ಸಂಬಳ ಸಿಗುವ ಕಾನೂನು ಜಾರಿಗೆ ಬಂದದ್ದು 1970ರಲ್ಲಿ. ಆ 6 ವಾರದ ನಂತರ ಸಾರ್ವಜನಿಕ ವಿಮೆ ಒಟ್ಟು ಸಂಬಳದ ಶೇ 70ರಷ್ಟನ್ನು, ಕೈಗೆ ಬರುವ ಸಂಬಳದ ಶೇ 90 ಮೀರದಂತೆ ಕೊಡುತ್ತದೆ. ಒಂದೇ ಕಾಯಿಲೆಗೆ 3 ವರ್ಷದಲ್ಲಿ 78 ವಾರದ ಮಿತಿ. ನಮ್ಮ ಇಎಸ್‌ಐ ಯೋಜನೆಯ ಕಾಯಿಲೆ ಭತ್ಯೆಯೂ ಶೇ 70ರದೇ, ಆದರೆ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ ಮಾತ್ರ. ಹಣ ಒದಗಿದ ಮೇಲೆ ಉಳಿಯುವುದು ಮೈಯ ಪ್ರಶ್ನೆ. ಕೀಮೋಥೆರಪಿ ಮುಗಿದವರ ರಕ್ತಪರೀಕ್ಷೆ ಸರಿಬಂದರೂ ಆಯಾಸ ತಿಂಗಳುಗಟ್ಟಲೆ ಬಿಡದೆ ಇರಬಹುದು. ಖಿನ್ನತೆಯಿಂದ ಎದ್ದವರಿಗೆ ಹಾಜರಾತಿಗಿಂತ ಒಂದು ಪುಟದ ಮೇಲೆ ಗಮನ ನಿಲ್ಲಿಸುವುದು ಕಷ್ಟವಾಗಬಹುದು. ಇಂಥವರನ್ನು ಮೊದಲ ದಿನವೇ 8 ಗಂಟೆ ಕೂರಿಸಿದರೆ ಮೂರನೆಯ ವಾರಕ್ಕೆ ಮತ್ತೆ ಹಾಸಿಗೆ ಹಿಡಿಯಬಹುದು. ಮೆಟ್ಟಿಲ ಪಟ್ಟಿಗೆ ಬೆಲೆ ಬರುವುದು ಇಲ್ಲೇ: ಅದು ಪೂರ್ತಿ ಮರಳುವುದನ್ನು ತಡಮಾಡಬಹುದು, ಆದರೆ ಮರಳಿದವರು ನಿಲ್ಲುವಂತೆ ಮಾಡುತ್ತದೆ.

ಮನೆಗೆ ಬಂದರೆ ಈ ಲೆಕ್ಕವೆಲ್ಲ ಮಾಯವಾಗುತ್ತದೆ. ಕಾರಣ ಸರಳ. ಕಚೇರಿ ರಜೆ ಕೊಟ್ಟಿತ್ತು, ಆದ್ದರಿಂದ ಮರಳುವ ದಿನವೊಂದಿತ್ತು. ಮನೆ ಎಂದೂ ರಜೆ ಕೊಟ್ಟಿರಲಿಲ್ಲ, ಆದ್ದರಿಂದ ಮರಳುವುದಕ್ಕೆ ಮೆಟ್ಟಿಲು ಬೇಕೆಂದು ಯಾರಿಗೂ ತೋಚುವುದಿಲ್ಲ. ಅಮ್ಮ ಕೆಲಸಕ್ಕೆ ಹೋಗತೊಡಗಿದಳು ಎಂದರೆ ಮನೆಯವರ ಕಿವಿಗೆ ಅಮ್ಮ ಹುಷಾರಾದಳು ಎಂದೇ ಕೇಳಿಸುತ್ತದೆ. ಕಾಯಿಲೆಯ ಕಾಲದಲ್ಲಿ ಗಂಡ, ಗೆಳೆಯರು, ನೆರೆಯವರು ಹೊತ್ತಿದ್ದದ್ದೆಲ್ಲ ಒಂದೇ ವಾರದಲ್ಲಿ ಅವಳ ತಲೆಗೆ ವಾಪಸಾಗುತ್ತದೆ. ಎರಡು ಗಂಟೆಯ ಕೆಲಸಕ್ಕೆ ಹೋಗಿಬರಲು ಎರಡು ಗಂಟೆ ರೈಲು, ಆ ರೈಲು ತಡ. ಸಿಬ್ಬಂದಿ ಸಾಲದೆ ಮಕ್ಕಳ ಕಿಟಾ, ಅಂದರೆ ಶಿಶುವಿಹಾರ, ಇವತ್ತು ಬೇಗ ಮುಚ್ಚುತ್ತದೆ. ಮಗುವಿಗೆ ಮೈ ಬಿಸಿಯಾಗಿದೆ, ಬಂದು ಕರೆದುಕೊಂಡು ಹೋಗಿ ಎಂದು ಬೆಳಿಗ್ಗೆಯೇ ಫೋನು. ವಿಮಾ ಸಂಸ್ಥೆಯ ಕಾಗದಕ್ಕೆ ಗಡುವಿನೊಳಗೆ ಉತ್ತರ ಬರೆಯಬೇಕು, ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದು ಹತ್ತಬೇಕು, ಶನಿವಾರವೇ ಸಾಮಾನು ತರದಿದ್ದರೆ ಭಾನುವಾರ ಅಂಗಡಿಯಿಲ್ಲ. ಇವುಗಳಲ್ಲಿ ಯಾವುದೂ ದೊಡ್ಡ ಕಷ್ಟವಲ್ಲ, ಹುಷಾರಾಗಿರುವವರು ಗೊಣಗಿ ಮರೆಯುವಂಥವು. ಅರ್ಧವಾಸಿ ಮೈಯವರಿಗೆ ಮಾತ್ರ ಇವೇ ದಿನದ ಶಕ್ತಿಯನ್ನೆಲ್ಲ ತಿಂದುಹಾಕುತ್ತವೆ. ವೈದ್ಯರ ಪಟ್ಟಿ ಕಚೇರಿಯ ಗಂಟೆಗಳನ್ನು ಎಣಿಸುತ್ತದೆ, ಇವನ್ನು ಎಣಿಸುವುದಿಲ್ಲ. ಹೀಗೆ ದಿನಕ್ಕೆ 2 ಗಂಟೆ ಎಂದು ಬರೆದದ್ದು ನಿಜದಲ್ಲಿ 10 ಗಂಟೆಯಾಗಿ, ಮರಳುವ ಪ್ರಯತ್ನ ಮುರಿದುಬಿದ್ದರೆ ಅದಕ್ಕೆ ಕಾಯಿಲೆಯನ್ನಷ್ಟೇ ದೂರುವುದು ಅನ್ಯಾಯ.

ಮನೆಗೂ ಇಂಥ ಮೆಟ್ಟಿಲ ಪಟ್ಟಿ ಬೇಕು ಎಂದರೆ, ನಮ್ಮವರಿಗೆ ಅದು ಬೇಡ, ಊರಿನಿಂದ ಅಜ್ಜಿ ಬರುತ್ತಾರೆ ಎಂಬುದು ಮೊದಲ ಆಕ್ಷೇಪ. ಅಜ್ಜಿಯ ನೆರವಿನ ಬೆಲೆ ದೊಡ್ಡದು. ಆದರೆ ಷೆಂಗೆನ್ ಭೇಟಿ ವೀಸಾ ಕೊಡುವುದು 180 ದಿನಗಳಲ್ಲಿ 90 ದಿನ. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಂದು ಸಾಗುವ ಚಿಕಿತ್ಸೆ ಅದಕ್ಕಿಂತ ಉದ್ದ. ಸಹಜವಾಗಿಯೇ ಅಜ್ಜಿಯನ್ನು ಕರೆಸುವುದು ಆಸ್ಪತ್ರೆಯ ದಿನಗಳಿಗೆ. ಕೆಲಸಕ್ಕೆ ಮರಳುವ ಹೊತ್ತಿಗೆ ಅವರು ಊರಿಗೆ ವಾಪಸು. 2024ರ ಮಾರ್ಚ್ 1ರಿಂದೀಚೆಗೆ ಮೊದಲ ಸಲ ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಂಡು ಇಟ್ಟುಕೊಳ್ಳಲು ದಾರಿಯಾಗಿದೆ. ಆದರೆ ಅವರ ಖರ್ಚು, ಆರೋಗ್ಯವಿಮೆ ಎರಡನ್ನೂ ಮೊದಲೇ ತೋರಿಸಬೇಕು. ಮೊದಲೇ ಬಂದು ನೆಲೆಸಿದವರಿಗೆ ಈ ದಾರಿಯೂ ಇಲ್ಲ. ಇನ್ನೊಂದು ಕಡೆ, ಜರ್ಮನ್ ಸಾರ್ವಜನಿಕ ವಿಮೆಯಲ್ಲೇ ಮನೆಗೆಲಸದ ನೆರವೆಂಬ ಹಕ್ಕಿದೆ. ತೀವ್ರ ಕಾಯಿಲೆಯ ಕಾರಣ ಮನೆ ನಡೆಸಲಾಗದಿದ್ದರೆ, ನಡೆಸಬಲ್ಲ ಇನ್ನೊಬ್ಬರು ಮನೆಯಲ್ಲಿಲ್ಲದಿದ್ದರೆ, 4 ವಾರದವರೆಗೆ ನೆರವು ಸಿಗುತ್ತದೆ. 12 ವರ್ಷದೊಳಗಿನ ಮಗುವಿದ್ದರೆ ಅದು 26 ವಾರದವರೆಗೆ ಹೋಗಬಹುದು. ಕೇಳಿ ಪಡೆಯುವುದು ನಾಚಿಕೆಯ ಮಾತಲ್ಲ, ಕಂತು ಕಟ್ಟಿದವರ ಪಾಲು ಅದು.

ಮನೆಗೆಲಸವನ್ನು ಪಾಲು ಹಾಕಲಾಗದು, ಮಗುವಿನ ಹಸಿವು ಕಾಲುವಾಸಿ ಅರ್ಧವಾಸಿ ಎಂದು ಕಾಯುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಹಸಿವು ಕಾಯುವುದಿಲ್ಲ, ನಿಜ. ಆದರೆ ಅದನ್ನು ನೀಗಿಸುವ ಕೈ ಒಂದೇ ಆಗಬೇಕಾಗಿಲ್ಲ. ಕಚೇರಿಯಲ್ಲೂ ಕೆಲಸ ಕಡಿಮೆಯಾಗಿರುವುದಿಲ್ಲ, ಮರಳಿದವರು ಎರಡು ಗಂಟೆ ಮಾಡುವಾಗ ಉಳಿದದ್ದನ್ನು ಬೇರೆಯವರು ಮಾಡುತ್ತಾರೆ. ಮನೆಯಲ್ಲೂ ಅದೇ ನ್ಯಾಯ. 12 ವರ್ಷದೊಳಗಿನ ಮಗು ಕಾಯಿಲೆ ಬಿದ್ದರೆ, ಸಾರ್ವಜನಿಕ ವಿಮೆಯಲ್ಲಿರುವ ತಂದೆತಾಯಿಯರಲ್ಲಿ ತಲಾ ಒಬ್ಬರಿಗೆ ಮಗುವೊಂದಕ್ಕೆ ವರ್ಷದಲ್ಲಿ 15 ಕೆಲಸದ ದಿನ ಭತ್ಯೆಸಹಿತ ಬಿಡುವು 2024ರಿಂದ ಇದೆ. ಒಂಟಿ ಪೋಷಕರಿಗೆ 30. ಆ ದಿನಗಳನ್ನು ಮೊದಲು ಬಳಸಬೇಕಾದವರು ಮೈ ಗಟ್ಟಿಯಿರುವವರು. ಕಿಟಾದ ಫೋನು ಮೊದಲು ಅವರಿಗೆ ಹೋಗುವಂತೆ ನಂಬರು ಬದಲಾಯಿಸುವುದೂ ಒಂದು ಮೆಟ್ಟಿಲೇ.

ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಪಾಲಿನ ಲೆಕ್ಕ ತಿರುಗುಬಾಣವಾಗಬಹುದು: ಅರ್ಧ ವಾಸಿಯಾಗಿದ್ದೀಯಲ್ಲ, ಅರ್ಧ ಕೆಲಸ ಮಾಡು ಎನ್ನಬಹುದು. ಜರ್ಮನಿಯಲ್ಲೇ ಈ ಚರ್ಚೆಯಿದೆ. ಆರೋಗ್ಯ ಕ್ಷೇತ್ರದ ಸರ್ಕಾರಿ ತಜ್ಞ ಮಂಡಳಿ 2015ರಲ್ಲಿ, ಸ್ವೀಡನ್ನಿನ ಹಾಗೆ, ಕಾಯಿಲೆ ರಜೆಯನ್ನು ಶೇ 25, 50, 75, 100 ಎಂದು ನಾಲ್ಕು ಪಾಲಾಗಿಸಬಹುದು ಎಂದು ಸಲಹೆ ಕೊಟ್ಟಿತು. ಆಮೇಲೂ ಈ ಮಾತು ಎದ್ದಾಗಲೆಲ್ಲ, ಕಾಯಿಲೆಯವರ ಮೇಲೆ ಒತ್ತಡ ಬೀಳುತ್ತದೆಂಬ ಅಳುಕನ್ನು ಕಾರ್ಮಿಕರ ಪರ ಇರುವವರು ಮುಂದಿಟ್ಟಿದ್ದಾರೆ. ಈ ಅಳುಕು ಸರಿಯಾದದ್ದೇ. ಇದಕ್ಕೆ ಉತ್ತರ ಹ್ಯಾಂಬರ್ಗ್ ಮಾದರಿಯ ಒಳಗೇ ಇದೆ: ಪಾಲನ್ನು ನಿಗದಿ ಮಾಡುವಲ್ಲಿ ರೋಗಿಯ ಒಪ್ಪಿಗೆ ಇರಬೇಕು, ಹತ್ತಿದ ಮೆಟ್ಟಿಲನ್ನು ಇಳಿಯುವ ಸ್ವಾತಂತ್ರ್ಯವೂ ಇರಬೇಕು. ಮನೆಯ ಪಟ್ಟಿಗೂ ಈ ಎರಡು ಷರತ್ತು ಬೇಕು. ಎಷ್ಟು ವಾಸಿ ಎಂದು ಹೇಳುವ ಹಕ್ಕು ಕಾಯಿಲೆ ಅನುಭವಿಸಿದವರದು. ನೋಡುವವರ ಕಣ್ಣಿಗೆ ಮುಖದ ಕಳೆ ಮಾತ್ರ ಕಾಣುತ್ತದೆ.

ಪದ ಬದಲಾಯಿಸಿದರೆ ಮನೆ ಬದಲಾಗುತ್ತದೆಯೇ ಎಂದು ಕೊನೆಗೆ ಕೇಳಬಹುದು. ಪದವೊಂದರಿಂದಲೇ ಆಗದು. ಆದರೆ ಹುಷಾರಾದೆಯಾ ಎಂಬ ಪ್ರಶ್ನೆಗೆ ಅಮ್ಮಂದಿರು ಹೂಂ ಎಂದುಬಿಡುತ್ತಾರೆ, ಇಲ್ಲ ಎಂದರೆ ಮಕ್ಕಳು ಹೆದರುತ್ತಾರೆಂದು. ಎಷ್ಟು ವಾಸಿ ಎಂದು ಕೇಳಿದರೆ ಹೆದರಿಸದೆ, ಸುಳ್ಳಾಡದೆ ‘ಅರ್ಧವಾಸಿ’ ಎನ್ನಲು ಜಾಗ ಸಿಗುತ್ತದೆ. ಆ ಉತ್ತರವನ್ನು ಕೆಲಸವಾಗಿಸುವುದು ಕೇಳಿದವರ ಹೊಣೆ. ವೈದ್ಯರು ಕಚೇರಿಯ ಪಟ್ಟಿ ಬರೆದ ದಿನವೇ ಮನೆಯವರು ಕೂತು ಇನ್ನೊಂದು ಪಟ್ಟಿ ಬರೆಯಬೇಕು: ಈ ವಾರ ಅಡುಗೆ ಯಾರದು, ಕಿಟಾ ಯಾರದು, ಕಾಗದಪತ್ರ ಯಾರದು, ಮಧ್ಯಾಹ್ನ ಅವಳು ಮಲಗುವ ಹೊತ್ತು ಯಾವುದು. ಕಚೇರಿ ಒಂದು ಮೆಟ್ಟಿಲು ಏರಿಸಿದ ವಾರ ಮನೆ ತನ್ನದನ್ನು ಏರಿಸಬಾರದು. ಕಚೇರಿಯ ಪೂರ್ತಿ ದಿನ ಮೈಗೆ ಒಗ್ಗಿದೆಯೆಂದು ಅವಳೇ ಹೇಳಿದ ಮೇಲೆ ಮನೆಯ ಮೊದಲ ಹೊರೆ ಅವಳ ಕೈಗೆ ಮರಳಲಿ. ಕೆಲವು ಹೊರೆಗಳು ಮರಳದೆ ಹಂಚಿಕೆಯಾಗಿಯೇ ಉಳಿದರೆ ಅದು ಇನ್ನೂ ವಾಸಿ.