ಹೋರಿಯ ಫಲವತ್ತತೆ ಮತ್ತು ವಂಶವಾಹಿ: ಬಂಗಾರಪೇಟೆ–ಕೋಲಾರ ಚಿನ್ನದ ಗಣಿ ಸೀಮೆಯ ಹೈನುಗಾರಿಕೆಯ ಒಂದು ಅಲಕ್ಷಿತ ಅಧ್ಯಾಯ

ಕೋಲಾರ ಜಿಲ್ಲೆಯನ್ನು ಚಿನ್ನ, ರೇಷ್ಮೆ ಮತ್ತು ಹಾಲಿನ ನಾಡೆಂದು ಕರೆಯುವುದು ರೂಢಿ. ಈ ಮೂರರಲ್ಲಿ ಚಿನ್ನದ ಚರಿತ್ರೆ ವಿಪುಲವಾಗಿ ದಾಖಲಾಗಿದೆ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಪ್ರವೇಶ, ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಗಣಿಗೆ ರೈಲುಮಾರ್ಗ, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು, ೨೦೦೧ರ ಫೆಬ್ರವರಿ ೨೮ರಂದು ಗಣಿಗಳ ಮುಚ್ಚುಗಡೆ, ಇವೆಲ್ಲ ಸುಪರಿಚಿತ ಸಂಗತಿಗಳು. ಹಾಲಿನ ಚರಿತ್ರೆಯಾದರೋ ಹಸುಗಳ ಸಂಖ್ಯೆ, ಸಂಘಗಳ ಸ್ಥಾಪನೆ ಹಾಗೂ ಶೇಖರಣೆಯಾದ ಲೀಟರುಗಳ ಲೆಕ್ಕಕ್ಕೇ ಬಹುಮಟ್ಟಿಗೆ ಸೀಮಿತವಾಗಿದೆ. ಹಸು ಗಬ್ಬವಾಗದೆ ಹಾಲಿಲ್ಲ. ಹೋರಿಯ ಬೀಜವಿಲ್ಲದೆ ಗಬ್ಬವಿಲ್ಲ. ಆದರೂ ಈ ಚರಿತ್ರೆಯಲ್ಲಿ ಹೋರಿಯ ಫಲವತ್ತತೆ ಪ್ರತ್ಯೇಕ ಪ್ರಶ್ನೆಯಾಗಿ ನಿಂತದ್ದು ಅಪರೂಪ. ಗೊಡ್ಡು ಎಂಬ ಮಾತು ಸಾಮಾನ್ಯವಾಗಿ ಹಸುವಿಗೇ ಅಂಟಿಕೊಂಡು ಬಂದಿರುವುದು ಈ ಅಲಕ್ಷ್ಯದ ಒಂದು ಕುರುಹು.

ಕೋಲಾರ ಸೀಮೆಯೂ ಸೇರಿದಂತೆ ದಕ್ಷಿಣ ಕರ್ನಾಟಕದ ದೇಶೀ ದನಗಳಲ್ಲಿ ಹಳ್ಳಿಕಾರ್ ಪ್ರಮುಖವಾದುದು. ಮೂಲತಃ ಇದು ದುಡಿಮೆಯ ತಳಿ. ಉಳುಮೆಗೂ ಬಂಡಿಗೂ ಎತ್ತು ಬೇಕಾಗಿದ್ದ ಕಾಲದಲ್ಲಿ ಗಂಡುಕರು ಮನೆಯ ಸಂಪತ್ತಾಗಿತ್ತು. ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಯಂತಹ ದನಗಳ ಪರಿಷೆಗಳು ಈ ಸಂಪತ್ತಿನ ಮಾರುಕಟ್ಟೆಗಳಾಗಿದ್ದವು. ಊರ ದನಗಳಿಗೆ ದೇವರ ಹೆಸರಿನಲ್ಲಿ ಬಿಟ್ಟ ಬಸವನೋ, ಸಾಕಿದ ಬೀಜದ ಹೋರಿಯೋ ಸಾಕಾಗುತ್ತಿತ್ತು. ಗಬ್ಬ ಕಟ್ಟಿಸದ ಹೋರಿ ಊರಿನ ಕಣ್ಣಿಗೇ ಬೀಳುತ್ತಿದ್ದುದರಿಂದ ಅದರ ಫಲವತ್ತತೆಯ ಪರೀಕ್ಷೆ ತಾನಾಗಿಯೇ ನಡೆಯುತ್ತಿತ್ತು.

ಈ ವ್ಯವಸ್ಥೆಯನ್ನು ಬದಲಿಸಿದ ಪ್ರಯೋಗ ನಡೆದದ್ದು ಮೈಸೂರಿನಲ್ಲಿಯೇ. ೧೯೩೯ರಲ್ಲಿ ಮೈಸೂರು ಅರಮನೆಯ ಹೈನು ಕೇಂದ್ರದಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೃತಕವಾಗಿ ನೀಡಿ ೩೩ ಹಸುಗಳು ಗಬ್ಬವಾದುದನ್ನು ಕಂಡರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಯಶಸ್ಸೆಂದು ಪಶುವೈದ್ಯ ಗ್ರಂಥಗಳು ಇದನ್ನು ಗುರುತಿಸುತ್ತವೆ. ೧೯೪೨ರಲ್ಲಿ ಇಜ್ಜತ್‌ನಗರದಲ್ಲಿ ವ್ಯವಸ್ಥಿತ ಸಂಶೋಧನೆ ಆರಂಭವಾದ ಬಳಿಕ ತೆರೆಯಲಾದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ೧೯೪೯ರಲ್ಲಿ ಇಂಗ್ಲೆಂಡಿನಲ್ಲಿ ಗ್ಲಿಸರಾಲ್ ಬಳಸಿ ವೀರ್ಯಾಣುಗಳನ್ನು ಘನೀಕರಿಸಿ ಉಳಿಸುವ ವಿಧಾನ ಕಂಡುಬಂದ ಮೇಲೆ ಹೋರಿಯ ದೇಹಕ್ಕೂ ಅದರ ಬೀಜಕ್ಕೂ ಇದ್ದ ದೇಶಕಾಲಗಳ ನಂಟು ಕಡಿದುಹೋಯಿತು. ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವಸಾರಜನಕದಲ್ಲಿ ಇರಿಸಿದ ವೀರ್ಯದ ಕಡ್ಡಿ, ಹೋರಿ ಸತ್ತ ಮೇಲೂ ಕರುಗಳನ್ನು ಕೊಡಬಲ್ಲದು.

ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ೧೯೬೦ರ ದಶಕದಲ್ಲಿ ರೂಪುಗೊಂಡ ಕೇಂದ್ರ ಈ ತಂತ್ರವನ್ನು ಹಳ್ಳಿಗಳತ್ತ ಒಯ್ಯಲು ನೆರವಾಯಿತು. ಕೋಲಾರದ ಸಂಸದರಾಗಿ, ಕೇಂದ್ರದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದ ಎಂ. ವಿ. ಕೃಷ್ಣಪ್ಪನವರನ್ನು ಜಿಲ್ಲೆಯ ಜನ ಹೈನುಗಾರಿಕೆಯ ಪಿತಾಮಹನೆಂದು ಸ್ಮರಿಸುತ್ತಾರೆ. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ಹೈನು ಅಭಿವೃದ್ಧಿ ಯೋಜನೆ, ೧೯೮೭ರಲ್ಲಿ ಕೋಲಾರಕ್ಕೆ ಪ್ರತ್ಯೇಕ ಹಾಲು ಒಕ್ಕೂಟ ಬಂದವು. ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿದ ಬಂಗಾರಪೇಟೆ ಸೀಮೆಯಲ್ಲಿ ‘ಸೀಮೆಹಸು’ ಮನೆಮನೆಯ ಆಧಾರವಾಯಿತು. ಗಣಿಯ ಸಂಬಳ ನಿಂತ ಮೇಲೂ ಹಾಲಿನ ಬಟವಾಡೆ ನಿಲ್ಲಲಿಲ್ಲ.

ಆದರೆ ಈ ಯಶಸ್ಸಿನ ಒಳಗೇ ಒಂದು ಸಮಸ್ಯೆ ಅಡಗಿತ್ತು. ನಾಟಿ ಹಸುವಿಗೆ ಹೋಲ್‌ಸ್ಟೀನ್ ವೀರ್ಯ ನೀಡಿದರೆ ಹುಟ್ಟುವ ಕರುವಿನಲ್ಲಿ ವಿದೇಶಿ ಅಂಶ ಶೇಕಡಾ ೫೦. ಆ ಕರು ಬೆಳೆದು ಹಸುವಾದಾಗ ಮತ್ತೆ ಹೋಲ್‌ಸ್ಟೀನ್ ವೀರ್ಯವನ್ನೇ ನೀಡಿದರೆ ಮುಂದಿನ ಪೀಳಿಗೆಯಲ್ಲಿ ಶೇಕಡಾ ೭೫, ಅದರ ಮುಂದೆ ಶೇಕಡಾ ೮೭.೫. ಈ ಅಂಶ ಏರಿದಂತೆ ಬಿಸಿಲು, ಉಣ್ಣೆ ಮತ್ತು ರೋಗಗಳನ್ನು ತಾಳುವ ಶಕ್ತಿ ಇಳಿಯುತ್ತದೆ. ಮಿಶ್ರಣವನ್ನು ಒಂದು ಹದದಲ್ಲಿ ನಿಲ್ಲಿಸಬೇಕಾದರೆ ಮಿಶ್ರತಳಿಯ ಹೋರಿಯನ್ನೇ ಬೀಜಕ್ಕೆ ಬಳಸಬೇಕು. ಹಾಗೆ ಸಾಕಿದ ಮಿಶ್ರತಳಿ ಹೋರಿಗಳಲ್ಲಿ ಗಣನೀಯ ಪಾಲು ವೀರ್ಯಕೇಂದ್ರಗಳಲ್ಲಿ ತಿರಸ್ಕೃತವಾಗುತ್ತಾ ಬಂದಿದೆ. ವೀರ್ಯಾಣುಗಳ ಚಲನೆ ಮಂದ, ಆಕಾರ ವಿಕೃತ. ಘನೀಕರಿಸಿ ಕರಗಿಸಿದಾಗ ಬದುಕುಳಿಯುವ ಪ್ರಮಾಣ ಕಡಿಮೆ. ಅದೇ ಮಿಶ್ರಣದ ಹೆಣ್ಣುಗಳು ಮಾತ್ರ ಈಯುತ್ತಲೇ ಇರುತ್ತವೆ.

ಈ ವೈಷಮ್ಯಕ್ಕೆ ತಾತ್ತ್ವಿಕ ಚೌಕಟ್ಟೊಂದು ಹಿಂದೆಯೇ ಸಿದ್ಧವಾಗಿತ್ತು. ಎರಡು ದೂರದ ವಂಶಗಳ ಸಂಕರದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾದರೆ ಅದು ಎರಡು ಬಗೆಯ ಲಿಂಗವರ್ಣತಂತುಗಳುಳ್ಳ ಲಿಂಗವೇ ಆಗಿರುತ್ತದೆಂದು ಜೆ. ಬಿ. ಎಸ್. ಹಾಲ್ಡೇನ್ ೧೯೨೨ರಲ್ಲಿ ಸೂತ್ರೀಕರಿಸಿದರು. ಸ್ತನಿಗಳಲ್ಲಿ ಅದು ಗಂಡು. ೧೯೫೭ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದ ಹಾಲ್ಡೇನ್ ೧೯೬೪ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಡುಬ್ಬವುಳ್ಳ ಭಾರತೀಯ ದನ ಮತ್ತು ಡುಬ್ಬವಿಲ್ಲದ ಯೂರೋಪಿನ ದನ ಪ್ರತ್ಯೇಕವಾಗಿ ಪಳಗಿದ ವಂಶಗಳು. ಎರಡರಲ್ಲಿಯೂ ವರ್ಣತಂತುಗಳು ೬೦. ಆದರೆ ವೈ ವರ್ಣತಂತುವಿನ ಆಕಾರವೇ ಬೇರೆ. ಹಳ್ಳಿಕಾರ್ ತಾಯಿ, ಹೋಲ್‌ಸ್ಟೀನ್ ತಂದೆಯ ಗಂಡುಕರುವಿನಲ್ಲಿ ಯೂರೋಪಿನ ವೈ ಮತ್ತು ಭಾರತದ ಎಕ್ಸ್ ಒಂದೇ ಕೋಶದಲ್ಲಿ ಕೂಡಿ ದುಡಿಯಬೇಕಾಗುತ್ತದೆ. ಇಲ್ಲಿ ಸಂಪೂರ್ಣ ಬಂಜೆತನವಿಲ್ಲ, ಫಲವತ್ತತೆಯ ಕುಸಿತ ಮಾತ್ರ ಇದೆ. ಬಿಸಿಲು, ಮೇವು ಮತ್ತು ಪಾಲನೆಗಳ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಆದ್ದರಿಂದ ಹಾಲ್ಡೇನರ ಸೂತ್ರವನ್ನು ಇಲ್ಲಿ ದಿಕ್ಸೂಚಿಯೆಂದು ಕಾಣಬೇಕೇ ಹೊರತು ತೀರ್ಪೆಂದಲ್ಲ.

ವೀರ್ಯಾಣುವಿನ ರಚನಾಕ್ರಮವನ್ನು ಗಮನಿಸಿದರೆ ಈ ಕುಸಿತ ಸಾಧ್ಯವಾಗುವ ಬಗೆ ತಿಳಿಯುತ್ತದೆ. ಹೋರಿಯ ವೃಷಣದಲ್ಲಿ ಒಂದು ಮೂಲಕೋಶ ವೀರ್ಯಾಣುವಾಗಲು ಸುಮಾರು ೬೧ ದಿನಗಳು ಬೇಕು. ಮೊದಲು ಕೋಶಗಳು ಇಮ್ಮಡಿಸುತ್ತವೆ. ಅನಂತರ ತಾಯಿ ಮತ್ತು ತಂದೆಯಿಂದ ಬಂದ ವರ್ಣತಂತುಗಳು ಜೋಡಿಗೂಡಿ ತುಣುಕುಗಳನ್ನು ವಿನಿಮಯ ಮಾಡಿಕೊಂಡು ಅರ್ಧವಾಗುತ್ತವೆ. ಕೊನೆಗೆ ದುಂಡನೆಯ ಕೋಶಕ್ಕೆ ತಲೆ ಬಾಲಗಳು ಮೂಡುತ್ತವೆ. ಪ್ರತಿ ಹಂತಕ್ಕೂ ನೂರಾರು ವಂಶವಾಹಿಗಳು ಸಕಾಲದಲ್ಲಿ ಎಚ್ಚೆತ್ತು ಸಕಾಲದಲ್ಲಿ ಮಲಗಬೇಕು. ೧೯೭೬ರಲ್ಲಿ ಇಟಲಿಯ ಟಿಯೆಪೊಲೊ ಮತ್ತು ಜುಫಾರ್ಡಿ ೧,೧೭೦ ಗಂಡಸರನ್ನು ಪರೀಕ್ಷಿಸಿ, ವೀರ್ಯಾಣುಗಳೇ ಇಲ್ಲದ ಆರು ಮಂದಿಯಲ್ಲಿ ವೈ ವರ್ಣತಂತುವಿನ ಭಾಗ ಕಳೆದುಹೋಗಿರುವುದನ್ನು ತೋರಿಸಿದರು. ೨೦೦೯ರಲ್ಲಿ ಸಂಕರ ಇಲಿಗಳ ಗಂಡುಬಂಜೆತನಕ್ಕೆ ಪಿಆರ್‌ಡಿಎಂ೯ ಎಂಬ ವಂಶವಾಹಿ ಕಾರಣವೆಂದು ತಿಳಿದುಬಂತು. ವರ್ಣತಂತುಗಳು ಎಲ್ಲಿ ತುಣುಕು ಬದಲಿಸಿಕೊಳ್ಳಬೇಕೆಂಬುದನ್ನು ಗೊತ್ತುಪಡಿಸುವುದೇ ಅದರ ಕೆಲಸ.

ಈ ಕ್ಷೇತ್ರದಲ್ಲಿ ಕರ್ನಾಟಕದ ಕೊಡುಗೆ ಗಣ್ಯವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅನಂತರ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ. ಆರ್. ಸತ್ಯನಾರಾಯಣ ರಾವ್ ಅವರು ದಶಕಗಳ ಕಾಲ ಇಲಿಯ ವೃಷಣವನ್ನು ಅಭ್ಯಸಿಸಿದರು. ವೀರ್ಯಾಣುವಿನ ಪುಟ್ಟ ತಲೆಯೊಳಗೆ ಡಿಎನ್‌ಎ ಅಡಕಗೊಳ್ಳುವಾಗ ಹಿಸ್ಟೋನ್ ಪ್ರೋಟೀನುಗಳು ತೆರವಾಗಿ, ಸಂಕ್ರಮಣ ಪ್ರೋಟೀನುಗಳು ಬಂದು, ಕಡೆಗೆ ಪ್ರೋಟಮೈನ್‌ಗಳು ನೆಲೆಗೊಳ್ಳುವ ಕ್ರಮ ಅವರ ಮುಖ್ಯ ವಿಷಯ. ಇಲಿಯ ವೃಷಣದ ಎಂಆರ್‌ಎಚ್‌ಎಲ್ ಎಂಬ, ಪ್ರೋಟೀನನ್ನು ಸಂಕೇತಿಸದ ಆರ್‌ಎನ್‌ಎಯನ್ನು ಅವರ ತಂಡ ೨೦೦೪ರಲ್ಲಿ ವರದಿ ಮಾಡಿತು. ೨೦೧೦ರಲ್ಲಿ ಪದ್ಮಶ್ರೀ ಪಡೆದ ರಾವ್ ೨೦೨೩ರಲ್ಲಿ ನಿಧನರಾದರು. ೧೯೨೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ೧೯೨೭ರಲ್ಲಿ ಗಾಂಧೀಜಿ ಭೇಟಿಯಿತ್ತ ಸಂಸ್ಥೆಯೇ ಮುಂದೆ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ಅದರ ಬೆಂಗಳೂರು ಪ್ರಾದೇಶಿಕ ಕೇಂದ್ರದಲ್ಲಿ ದೇಶೀ ಮತ್ತು ಮಿಶ್ರತಳಿ ಹೋರಿಗಳ ವೀರ್ಯಾಣುಗಳ ವಂಶವಾಹಿ ಚಟುವಟಿಕೆ ಹಾಗೂ ಪ್ರೋಟೀನುಗಳನ್ನು ಹೋಲಿಸುವ ಅಧ್ಯಯನಗಳು ಈಚೆಗೆ ನಡೆದಿವೆ. ಹೀಗೆ ಇಲಿಯ ಮೇಲಿನ ಮೂಲಸಂಶೋಧನೆ ಕೇಳಿದ ಪ್ರಶ್ನೆ, ರೈತನ ಕೊಟ್ಟಿಗೆಯ ಪ್ರಶ್ನೆಗೆ ಸಮೀಪವಾಗಿದೆ.

ಈ ಅಧ್ಯಯನಗಳಿಂದ ಚರಿತ್ರಕಾರ ಗ್ರಹಿಸಬೇಕಾದ ಅಂಶ ಒಂದಿದೆ. ಗಂಡಿನ ಫಲವತ್ತತೆ ಯಾವುದೋ ಒಂದು ವಂಶವಾಹಿಯ ವರವಲ್ಲ. ಒಂದು ವಂಶದೊಳಗೆ ಸಾವಿರಾರು ವರ್ಷ ಕೂಡಿ ಬಾಳಿದ ಅನೇಕ ವಂಶವಾಹಿಗಳ ಹೊಂದಾಣಿಕೆ. ಸಂಕರವು ಹಾಲನ್ನು ಹೆಚ್ಚಿಸಿತು, ಈ ಹೊಂದಾಣಿಕೆಯನ್ನು ಸಡಿಲಿಸಿತು. ಟ್ರ್ಯಾಕ್ಟರು ಬಂದ ಮೇಲೆ ಉಳುಮೆಗೂ ಬೇಡವಾದ ಮಿಶ್ರತಳಿಯ ಗಂಡುಕರು ಬೀಜಕ್ಕೂ ಒದಗದೆ ಹೋಯಿತು. ೨೦೧೪ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ಉತ್ತೇಜಿಸುತ್ತಿರುವ ಲಿಂಗ ವಿಂಗಡಿತ ವೀರ್ಯ ಈ ಹಾದಿಯ ಮುಂದಿನ ಹೆಜ್ಜೆ. ಎಕ್ಸ್ ವರ್ಣತಂತುವುಳ್ಳ ವೀರ್ಯಾಣುವಿನಲ್ಲಿ ಡಿಎನ್‌ಎ ಶೇಕಡಾ ೪ರಷ್ಟು ಹೆಚ್ಚಿರುವುದನ್ನು ಆಧರಿಸಿ ವೈ ಉಳ್ಳವನ್ನು ಮೊದಲೇ ಬೇರ್ಪಡಿಸಲಾಗುತ್ತದೆ. ಹುಟ್ಟುವ ಕರುಗಳಲ್ಲಿ ಶೇಕಡಾ ೯೦ರಷ್ಟು ಹೆಣ್ಣು. ರೈತನಿಗೆ ಇದು ನಿಜವಾದ ಅನುಕೂಲ. ಆದರೆ ಹದವಾದ ಮಿಶ್ರಣಕ್ಕೆ ಬೇಕಾದ ಹೋರಿಯ ಆಯ್ಕೆಗೆ ಸ್ಥಳೀಯವಾಗಿ ಉಳಿಯುವ ಗಂಡುಕರುಗಳು ಇದರಿಂದ ಇನ್ನೂ ಕಡಿಮೆಯಾಗುತ್ತವೆ.

ವೀರ್ಯದ ಪ್ರತಿ ಕಡ್ಡಿಯ ಮೇಲೂ ಹೋರಿಯ ಸಂಖ್ಯೆ ಮತ್ತು ತಳಿ ಮುದ್ರಿತವಾಗಿರುತ್ತವೆ. ಊರಿನ ಬಸವನಿಗೆ ಇಲ್ಲದಿದ್ದ ವಂಶಾವಳಿಯ ದಾಖಲೆ ಇದು. ಹಳ್ಳಿಗಳ ಗರ್ಭಧಾರಣೆಯ ದಾಖಲೆಗಳನ್ನು ಈ ಸಂಖ್ಯೆಗಳೊಡನೆ ಹೊಂದಿಸಿ ಓದಿದರೆ, ಯಾವ ಬೀಜ ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂಬುದು ತಿಳಿಯಬಹುದು. ಗಣಿಯ ಪ್ರತಿ ಔನ್ಸ್ ಚಿನ್ನಕ್ಕೆ ಲೆಕ್ಕವಿಟ್ಟ ಸೀಮೆಯಲ್ಲಿ ಹಾಲಿನ ಚರಿತ್ರೆಯೂ ಪೂರ್ಣವಾಗಬೇಕಾದರೆ ಹಸುವಿನ ಸೂಲಿನೊಂದಿಗೆ ಹೋರಿಯ ಸಂಖ್ಯೆಯೂ ಆ ಲೆಕ್ಕದಲ್ಲಿ ಸೇರಬೇಕು.